ಮನೆಯಲ್ಲೇ ಸಂಧಿವಾತದ ಚುಚ್ಚುಮದ್ದು: ಸೂಜಿಗಿಂತ ಮೊದಲು ಅರಿಯಬೇಕಾದ ವಿಷಯಗಳು

ಸಕ್ಕರೆ ಕಾಯಿಲೆಯುಳ್ಳವರು ಇನ್ಸುಲಿನ್ನನ್ನು ತಾವೇ ಚುಚ್ಚಿಕೊಳ್ಳುವುದು ಇಂದು ನಮ್ಮ ಹಳ್ಳಿಗಳಲ್ಲಿಯೂ ಹೊಸ ಸಂಗತಿಯಾಗಿ ಉಳಿದಿಲ್ಲ. ಸಂಧಿವಾತದ ರೋಗಿಗಳಿಗೆ ಮಾತ್ರ ಆ ಮಾತು ಇನ್ನೂ ಅಳುಕು ತರುತ್ತದೆ. ಬೆಂಗಳೂರಿನಲ್ಲಿಯೋ ದಾವಣಗೆರೆಯಲ್ಲಿಯೋ ತಜ್ಞ ವೈದ್ಯರನ್ನು ಕಂಡು, ‘ಇನ್ನು ಮುಂದೆ ವಾರಕ್ಕೊಂದು ಇಂಜೆಕ್ಷನ್ ಮನೆಯಲ್ಲೇ ಹಾಕಿಕೊಳ್ಳಿ’ ಎಂಬ ಸಲಹೆ ಪಡೆದು ಹಿಂದಿರುಗಿದ ಹೊಸದುರ್ಗದ ಇಲ್ಲವೆ ಹೊಳಲ್ಕೆರೆಯ ರೋಗಿ, ಔಷಧಿಯ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಯೋಚನೆಗೆ ಬೀಳುವುದು ಸಹಜ. ಚುಚ್ಚುವುದು ಹೇಗೆ ಎಂಬ ಒಂದೇ ಪ್ರಶ್ನೆ ಆಗ ಮನಸ್ಸನ್ನು ತುಂಬಿರುತ್ತದೆ.

ಚುಚ್ಚುವ ಕ್ರಮವನ್ನು ಎರಡು ಮೂರು ಬಾರಿ ನೋಡಿ, ಮಾಡಿ ಕಲಿಯಬಹುದು. ಈ ಚಿಕಿತ್ಸೆಯಲ್ಲಿ ದೊಡ್ಡ ಕೇಡು ತರುವ ತಪ್ಪುಗಳು ಇರುವುದು ಬೇರೆಡೆ: ತಪ್ಪಿದ ದಿನ, ತಪ್ಪಿದ ಪ್ರಮಾಣ, ಬಿಸಿಲಿಗೆ ಕೆಟ್ಟ ಔಷಧಿ, ಜ್ವರವಿದ್ದರೂ ನಿಲ್ಲಿಸದ ಚುಚ್ಚುಮದ್ದು, ತಿಪ್ಪೆಗೆ ಬಿದ್ದ ಸೂಜಿ. ಈ ತಿಂಗಳ ಪಾಠದಲ್ಲಿ ಚುಚ್ಚುವ ಕ್ರಮದ ಜೊತೆಗೆ ಇವುಗಳನ್ನೂ ಒಂದೊಂದಾಗಿ ತಿಳಿಯೋಣ. ಔಷಧಿ ಯಾವುದು, ಎಷ್ಟು, ಎಂದಿನಿಂದ ಎಂಬುದನ್ನು ನಿರ್ಧರಿಸುವವರು ನಿಮ್ಮ ವೈದ್ಯರೇ. ಅವರು ಹೇಳಿದ್ದನ್ನು ಮನೆಯಲ್ಲಿ ತಪ್ಪಿಲ್ಲದೆ ನಡೆಸಲು ಈ ಲೇಖನ ನೆರವಾಗಲಿ ಎಂಬುದಷ್ಟೇ ನಮ್ಮ ಆಶಯ.

ಮೊದಲು ರೋಗದ ನಿರ್ಣಯ

ಕೀಲು ನೋಯುವ ಎಲ್ಲರಿಗೂ ಈ ಚುಚ್ಚುಮದ್ದು ಬೇಕಾಗಿಲ್ಲ. ವಯಸ್ಸಾದಂತೆ ಬರುವ ಮಂಡಿಸವೆತಕ್ಕೆ ಇದರಿಂದ ಪ್ರಯೋಜನವಿಲ್ಲ. ರುಮಟಾಯ್ಡ್ ಸಂಧಿವಾತ ಎಂಬುದು ಬೇರೆಯೇ ರೋಗ. ಶರೀರವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ಎರಗುವುದರಿಂದ ಇದು ಉಂಟಾಗುತ್ತದೆ. ಎರಡೂ ಕೈಗಳ ಬೆರಳಿನ ಗೆಣ್ಣು, ಮಣಿಕಟ್ಟುಗಳು ಬಾತುಕೊಳ್ಳುತ್ತವೆ. ಬೆಳಗ್ಗೆ ಎದ್ದ ಮೇಲೆ ಒಂದು ಗಂಟೆ ಕಳೆದರೂ ಬಿಗಿತ ಸಡಿಲುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಚಿಕಿತ್ಸೆ ತಡವಾದರೆ ಕೀಲು ಶಾಶ್ವತವಾಗಿ ಸೊಟ್ಟಗಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಎಚ್ಚರ ಬೇಕು. ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದಾಗಲೂ 1.5 ಮೀರಬಾರದು ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಅಂತಹ ನೀರು ಕುಡಿದವರಲ್ಲಿ ಬೆನ್ನು, ಕತ್ತು, ಮಂಡಿಗಳು ಸೆಟೆದುಕೊಳ್ಳುತ್ತವೆ. ಅದನ್ನು ಸಂಧಿವಾತವೆಂದು ಭ್ರಮಿಸುವುದು ಸುಲಭ. ಆದರೆ ಅದಕ್ಕೆ ಸಂಧಿವಾತದ ಚುಚ್ಚುಮದ್ದು ಔಷಧಿಯಾಗಲಾರದು. 2006ರಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಹಬ್ಬಿದ ಚಿಕೂನ್‌ಗುನ್ಯಾ ಜ್ವರವೂ ತಿಂಗಳುಗಟ್ಟಲೆ ಕೀಲುನೋವನ್ನು ಉಳಿಸಿಹೋಗಿತ್ತು. ಆದ್ದರಿಂದ ರಕ್ತಪರೀಕ್ಷೆ, ಎಕ್ಸ್‌ರೇಗಳ ಮೂಲಕ ರೋಗ ಖಚಿತವಾದ ಮೇಲೆಯೇ ಸೂಜಿಯ ಮಾತು. ನೆರೆಮನೆಯವರಿಗೆ ಗುಣ ಕೊಟ್ಟಿತೆಂದು ಅವರ ಚೀಟಿಯ ಔಷಧಿಯನ್ನು ತಂದುಕೊಳ್ಳುವುದು ಎಂದಿಗೂ ಸಲ್ಲದು.

ಎರಡು ಬಗೆಯ ಔಷಧಿಗಳು

ಮನೆಯಲ್ಲಿ ಚುಚ್ಚಿಕೊಳ್ಳುವ ಸಂಧಿವಾತದ ಔಷಧಿಗಳನ್ನು ಎರಡು ಬಗೆಯಾಗಿ ನೋಡಬಹುದು.

ಮೊದಲನೆಯದು ಮೆಥೊಟ್ರೆಕ್ಸೇಟ್. ಇದರ ಇತಿಹಾಸದಲ್ಲಿ ನಮ್ಮ ನೆರೆನಾಡಿನ ಹೆಸರೊಂದಿದೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡವು 1940ರ ದಶಕದಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿತು. ಆ ಆಮ್ಲದ ಕೆಲಸವನ್ನು ತಡೆಯುವ ಮೆಥೊಟ್ರೆಕ್ಸೇಟನ್ನೂ ಅದೇ ತಂಡ ರೂಪಿಸಿತು. ಮೊದಲು ಕ್ಯಾನ್ಸರಿಗೆ ದೊಡ್ಡ ಪ್ರಮಾಣದಲ್ಲಿ ಬಳಕೆಯಾದ ಈ ಔಷಧಿಗೆ, ಸಣ್ಣ ಪ್ರಮಾಣದಲ್ಲಿ ರುಮಟಾಯ್ಡ್ ಸಂಧಿವಾತಕ್ಕೆ ಬಳಸಲು ಅಮೆರಿಕದಲ್ಲಿ 1988ರಲ್ಲಿ ಅನುಮತಿ ದೊರೆಯಿತು. ಇಂದು ಸಂಧಿವಾತದ ಚಿಕಿತ್ಸೆ ಸಾಮಾನ್ಯವಾಗಿ ಆರಂಭವಾಗುವುದು ಇದರಿಂದಲೇ. ಮಾತ್ರೆಯಿಂದ ಹೊಟ್ಟೆ ತೊಳಸುವವರಿಗೆ, ಮಾತ್ರೆ ಸಾಲದವರಿಗೆ ಚರ್ಮದಡಿಯ ಚುಚ್ಚುಮದ್ದನ್ನು ಸೂಚಿಸುತ್ತಾರೆ.

ಎರಡನೆಯದು ಜೈವಿಕ ಔಷಧಿಗಳು. ಜೀವಕೋಶಗಳಲ್ಲಿ ತಯಾರಿಸಿದ ಈ ಪ್ರೋಟೀನುಗಳು ಉರಿಯೂತವನ್ನು ಹೆಚ್ಚಿಸುವ ವಸ್ತುವನ್ನು ಹಿಡಿದು ತಡೆಯುತ್ತವೆ. ಅಡಾಲಿಮುಮ್ಯಾಬ್ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ. ಎಟನರ್‌ಸೆಪ್ಟ್ ವಾರಕ್ಕೊಮ್ಮೆ 50 ಇಲ್ಲವೆ ವಾರಕ್ಕೆ ಎರಡು ಬಾರಿ 25 ಮಿಲಿಗ್ರಾಂ. ಬಹಳ ದುಬಾರಿಯಾಗಿದ್ದ ಅಡಾಲಿಮುಮ್ಯಾಬ್‌ಗೆ ಸಮಾನವಾದ ಔಷಧಿಯನ್ನು ಜಗತ್ತಿನಲ್ಲಿ ಮೊದಲಿಗೆ ಮಾರುಕಟ್ಟೆಗೆ ತಂದದ್ದು ಅಹಮದಾಬಾದಿನ ಕಂಪನಿ, 2014ರ ಡಿಸೆಂಬರಿನಲ್ಲಿ. ಬಳಿಕ ಬೆಲೆ ಇಳಿದು ಸಣ್ಣ ಊರುಗಳ ರೋಗಿಗಳಿಗೂ ಈ ಚಿಕಿತ್ಸೆ ಕೈಗೆಟುಕತೊಡಗಿತು.

ಊರಿನಲ್ಲಿ ನೋವಿಗೆಂದು ಹಾಕುವ ಡೈಕ್ಲೊಫೆನಾಕ್, ಸ್ಟೀರಾಯ್ಡ್ ಚುಚ್ಚುಮದ್ದುಗಳು ಈ ಎರಡು ಬಗೆಗೂ ಸೇರಿದವಲ್ಲ. ಅವನ್ನು ಮನೆಯಲ್ಲಿ ಚುಚ್ಚಿಕೊಳ್ಳಲೇಬಾರದು.

ವಾರಕ್ಕೊಮ್ಮೆ ಎಂದರೆ ವಾರಕ್ಕೊಮ್ಮೆಯೇ

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ದಿನವೂ ತೆಗೆದುಕೊಂಡರೆ ಅದು ವಿಷವಾಗುತ್ತದೆ. ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳ ಹುಟ್ಟು ನಿಲ್ಲುತ್ತದೆ, ಬಾಯಿತುಂಬ ಹುಣ್ಣಾಗುತ್ತದೆ, ಸೋಂಕು, ರಕ್ತಸ್ರಾವಗಳಿಂದ ಸಾವೂ ಸಂಭವಿಸಬಹುದು. ದಿನವೂ ತಪ್ಪದೆ ಔಷಧಿ ಸೇವಿಸುವುದೇ ಒಳ್ಳೆಯ ರೋಗಿಯ ಲಕ್ಷಣವೆಂದು ನಂಬಿದ ಮನೆಗಳಲ್ಲಿಯೇ ಈ ತಪ್ಪಿಗೆ ಅವಕಾಶ ಹೆಚ್ಚು. ಮಾತ್ರೆಯಿಂದ ಚುಚ್ಚುಮದ್ದಿಗೆ ಬದಲಾದಾಗ ಹಳೆಯ ಮಾತ್ರೆಯನ್ನೂ ಮುಂದುವರಿಸುವುದು ಇನ್ನೊಂದು ಬಗೆಯ ತಪ್ಪು.

ಇದನ್ನು ತಪ್ಪಿಸಲು ಸುಲಭವಾದ ಉಪಾಯವಿದೆ. ಪ್ರತಿ ಊರಿಗೂ ಒಂದು ಸಂತೆಯ ದಿನವಿರುತ್ತದೆ. ಅದನ್ನು ಅಕ್ಷರ ಬಾರದ ಹಿರಿಯರೂ ಮರೆಯುವುದಿಲ್ಲ. ವೈದ್ಯರ ಒಪ್ಪಿಗೆ ಪಡೆದು ಸಂತೆಯ ದಿನದ ಸಂಜೆಯನ್ನೇ ಚುಚ್ಚುಮದ್ದಿನ ಹೊತ್ತಾಗಿ ಇರಿಸಿಕೊಳ್ಳಬಹುದು. ಚುಚ್ಚಿದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಬೇಕು. ಎಡತೊಡೆಯೋ ಬಲತೊಡೆಯೋ ಎಂಬುದನ್ನೂ ಅಲ್ಲಿಯೇ ಬರೆಯಬೇಕು. ಗುರುತು ಇದ್ದರೆ ಮತ್ತೆ ಚುಚ್ಚುವಂತಿಲ್ಲ. ಮನೆಮಂದಿಗೆಲ್ಲ ಈ ನಿಯಮ ಗೊತ್ತಿರಬೇಕು.

ಮೆಥೊಟ್ರೆಕ್ಸೇಟಿನೊಂದಿಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯನ್ನು ಚುಚ್ಚುಮದ್ದಿನ ದಿನ ಬಿಟ್ಟು, ವೈದ್ಯರು ಹೇಳಿದ ಬೇರೆ ದಿನ ಸೇವಿಸುವುದು ರೂಢಿ. ಒಂದು ವಾರದ ಚುಚ್ಚುಮದ್ದು ತಪ್ಪಿಹೋದರೆ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು. ಎರಡು ದಿನಗಳೊಳಗಾದರೆ ಹಾಕಿಕೊಳ್ಳಲು ಹೇಳಬಹುದು; ಅದಕ್ಕಿಂತ ತಡವಾದರೆ ಮುಂದಿನ ವಾರಕ್ಕೆ ಬಿಡುವುದು ಸಾಮಾನ್ಯ ಕ್ರಮ. ತಪ್ಪಿದ್ದನ್ನು ಸರಿಗಟ್ಟಲು ಎರಡನ್ನು ಒಟ್ಟಿಗೆ ಎಂದೂ ಹಾಕಿಕೊಳ್ಳಬಾರದು. ಅಕಸ್ಮಾತ್ ಹೆಚ್ಚಿಗೆ ಹೋಯಿತೆಂದು ತಿಳಿದರೆ, ತೊಂದರೆ ಕಾಣಿಸಲಿ ಎಂದು ಕಾಯದೆ ಆಗಲೇ ಔಷಧಿಯ ಪೆಟ್ಟಿಗೆಯೊಂದಿಗೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಫೋಲಿನಿಕ್ ಆಮ್ಲವೆಂಬ ಪ್ರತಿವಿಷವಿದೆ; ಅದು ಬೇಗ ಸಿಕ್ಕಷ್ಟೂ ಫಲ ಹೆಚ್ಚು. ಹೆಸರು ಹತ್ತಿರವಿದ್ದರೂ ಮನೆಯಲ್ಲಿರುವ ಫೋಲಿಕ್ ಆಮ್ಲದ ಮಾತ್ರೆ ಅದರ ಕೆಲಸ ಮಾಡಲಾರದು.

ಮಿಲಿಗ್ರಾಂ ಬೇರೆ, ಮಿಲಿಲೀಟರ್ ಬೇರೆ

ಔಷಧಿಯು ಮೊದಲೇ ತುಂಬಿದ ಸಿರಿಂಜಿನಲ್ಲಿ ಇಲ್ಲವೆ ಪೆನ್ನಿನಲ್ಲಿ ಬಂದರೆ ಅಳತೆಯ ತೊಂದರೆ ಕಡಿಮೆ. ಸೀಸೆಯಿಂದ ಸೆಳೆದುಕೊಳ್ಳುವುದಾದರೆ ಲೆಕ್ಕ ತಿಳಿದಿರಬೇಕು. ಒಂದು ಉದಾಹರಣೆ ನೋಡೋಣ. ವೈದ್ಯರು ಬರೆದದ್ದು 15 ಮಿಲಿಗ್ರಾಂ. ಸೀಸೆಯ ಮೇಲೆ ‘1 ಮಿಲಿಲೀಟರಿನಲ್ಲಿ 25 ಮಿಲಿಗ್ರಾಂ’ ಎಂದಿದ್ದರೆ ಸೆಳೆಯಬೇಕಾದುದು 0.6 ಮಿಲಿಲೀಟರ್. ಮುಂದಿನ ತಿಂಗಳು ಅಂಗಡಿಯವರು ಮಿಲಿಲೀಟರಿಗೆ 50 ಮಿಲಿಗ್ರಾಂ ಇರುವ ಸೀಸೆ ಕೊಟ್ಟು, ನಾವು ಹಳೆಯ ಗುರುತಿಗೇ ಸೆಳೆದರೆ ಒಳಹೋಗುವುದು 30 ಮಿಲಿಗ್ರಾಂ, ಅಂದರೆ ಎರಡರಷ್ಟು.

ಇನ್ಸುಲಿನ್ ಸಿರಿಂಜನ್ನು ಬಳಸುವವರು ಇನ್ನೂ ಜಾಗರೂಕರಾಗಿರಬೇಕು. ಅದರ ಮೇಲಿನ ಅಂಕಿಗಳು ಇನ್ಸುಲಿನ್ನಿನ ಯೂನಿಟ್ಟುಗಳು. ಮಿಲಿಗ್ರಾಮೂ ಅಲ್ಲ, ಮಿಲಿಲೀಟರೂ ಅಲ್ಲ. ನಮ್ಮಲ್ಲಿ ದೊರೆಯುವ ಸಿರಿಂಜುಗಳಲ್ಲಿ ಕೆಲವಕ್ಕೆ 40 ಯೂನಿಟ್ ಎಂದರೆ 1 ಮಿಲಿಲೀಟರ್, ಕೆಲವಕ್ಕೆ 100 ಯೂನಿಟ್ ಎಂದರೆ 1 ಮಿಲಿಲೀಟರ್. ಆದ್ದರಿಂದ ಯಾವ ಸಿರಿಂಜು, ಯಾವ ಗೀಟಿನವರೆಗೆ ಎಂಬುದನ್ನು ವೈದ್ಯರಿಂದಲೋ ಶುಶ್ರೂಷಕಿಯರಿಂದಲೋ ಚೀಟಿಯ ಮೇಲೆ ಬರೆಯಿಸಿಕೊಳ್ಳಬೇಕು. ಸೀಸೆಯೋ ಸಿರಿಂಜೋ ಬದಲಾದಾಗಲೆಲ್ಲ ಮತ್ತೆ ಕೇಳಬೇಕು.

ಬಿಸಿಲು, ಬಸ್ಸು, ಕರೆಂಟು

ಜೈವಿಕ ಔಷಧಿಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಕಾವೇರಿದರೆ ಪ್ರೋಟೀನು ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಕೆಟ್ಟದ್ದು ಹಲವೊಮ್ಮೆ ಕಣ್ಣಿಗೆ ಕಾಣುವುದೂ ಇಲ್ಲ. ಫ್ರಿಜ್‌ನ ನಡುವಿನ ಅಟ್ಟ ಇದಕ್ಕೆ ತಕ್ಕ ಸ್ಥಳ. ಐಸ್ ಕಟ್ಟುವ ಖಾನೆಯ ಪಕ್ಕ ಬೇಡ. ತೆಗೆದು ಮುಚ್ಚುವ ಬಾಗಿಲಿನಲ್ಲೂ ಬೇಡ. ಬೆಳಕು ತಾಗದಂತೆ ಅದರ ಪೆಟ್ಟಿಗೆಯಲ್ಲಿಯೇ ಇರಲಿ.

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್. ಅಲ್ಲಿಂದ ಹೊಸದುರ್ಗದ ಕಡೆಯ ಹಳ್ಳಿಗೆ ಇನ್ನೊಂದು ಬಸ್ಸು. ಏಪ್ರಿಲ್ ತಿಂಗಳಿನಲ್ಲಿ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಒಂದು ತಾಸು ಕಾದರೆ ಕೈಚೀಲದೊಳಗಿನ ಔಷಧಿಯ ಗತಿ ಏನೆಂದು ಹೇಳಬೇಕಾಗಿಲ್ಲ. ಔಷಧಿ ಕೊಳ್ಳಲು ಹೋಗುವಾಗಲೇ ತಂಪು ಉಳಿಸುವ ಪೆಟ್ಟಿಗೆಯನ್ನು ಒಯ್ಯಬೇಕು. ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ, ಔಷಧಿಗೆ ನೇರವಾಗಿ ತಾಗದಂತೆ ಇಡಬೇಕು. ಬಸ್ಸಿನ ಡಿಕ್ಕಿಗೆ ಹಾಕದೆ ತೊಡೆಯ ಮೇಲೆಯೇ ಇರಿಸಿಕೊಳ್ಳಬೇಕು.

ಕರೆಂಟು ಹೋದಾಗ ಫ್ರಿಜ್‌ನ ಬಾಗಿಲನ್ನು ತೆರೆಯದಿದ್ದರೆ ತಂಪು ಕೆಲವು ತಾಸು ಉಳಿಯುತ್ತದೆ. ಅಡಾಲಿಮುಮ್ಯಾಬ್‌ನಂತಹ ಔಷಧಿಯನ್ನು 25 ಡಿಗ್ರಿ ಮೀರದ ಕಡೆ 14 ದಿನಗಳವರೆಗೆ ಹೊರಗಿಡಬಹುದೆಂದು ಅದರ ಚೀಟಿಯಲ್ಲಿ ಇರುತ್ತದೆ. ಆದರೆ ಚೀಟಿ ಬರೆದವರ ಕೋಣೆಯ ತಂಪು ನಮ್ಮ ಬೇಸಿಗೆಯ ಕೋಣೆಗೆ ಇರುವುದಿಲ್ಲ ಎಂಬುದನ್ನು ಮರೆಯಬಾರದು. ಮಣ್ಣಿನ ಮಡಕೆಯ ತಂಪು ಫ್ರಿಜ್‌ನ ತಂಪಿಗೆ ಸಮನಾಗದು. ಔಷಧಿ ಬಿಸಿಗೆ ಸಿಕ್ಕಿತೆಂಬ ಅನುಮಾನವಿದ್ದರೆ ಕೊಂಡ ಅಂಗಡಿಯಲ್ಲಿಯೋ ವೈದ್ಯರಲ್ಲಿಯೋ ಕೇಳಿದ ಮೇಲೆಯೇ ಬಳಸಬೇಕು. ಮೆಥೊಟ್ರೆಕ್ಸೇಟನ್ನು ಸಾಮಾನ್ಯವಾಗಿ ಫ್ರಿಜ್‌ನಲ್ಲಿ ಇಡುವಂತಿಲ್ಲ. ಮನೆಯ ಅತ್ಯಂತ ತಂಪಾದ, ಕತ್ತಲಿನ, ಮಕ್ಕಳ ಕೈಗೆ ಎಟುಕದ ಜಾಗ ಅದಕ್ಕೆ ಬೇಕು. ಪೆಟ್ಟಿಗೆಯ ಮೇಲಿನ ಸೂಚನೆಯೇ ಕೊನೆಯ ಮಾತು.

ಚುಚ್ಚುವ ಕ್ರಮ

ಮೊದಲ ಚುಚ್ಚುಮದ್ದನ್ನು ಆಸ್ಪತ್ರೆಯಲ್ಲಿ, ಶುಶ್ರೂಷಕಿಯರ ಎದುರಿನಲ್ಲಿ ಹಾಕಿಕೊಳ್ಳಬೇಕು. ಬಳಿಕ ಮನೆಯಲ್ಲಿ ಅನುಸರಿಸುವ ಕ್ರಮ ಹೀಗಿದೆ.

1. ಫ್ರಿಜ್‌ನಲ್ಲಿದ್ದ ಔಷಧಿಯನ್ನು 15ರಿಂದ 30 ನಿಮಿಷ ಮೊದಲೇ ಹೊರಗಿಡಿ. ತಣ್ಣಗಿದ್ದರೆ ಉರಿ ಹೆಚ್ಚು. ಬಿಸಿನೀರಿನಲ್ಲಿ, ಬಿಸಿಲಿನಲ್ಲಿ ಇಟ್ಟು ಬೆಚ್ಚಗಾಗಿಸಬೇಡಿ, ಕುಲುಕಬೇಡಿ.

2. ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕ ನೋಡಿ. ದ್ರವ ಕದಡಿದ್ದರೆ, ಬಣ್ಣ ಬದಲಾಗಿದ್ದರೆ, ಚೂರುಗಳು ತೇಲುತ್ತಿದ್ದರೆ ಬಳಸಬೇಡಿ.

3. ಸೋಪು ಹಚ್ಚಿ ಕೈ ತೊಳೆದು, ಶುದ್ಧವಾದ ಬಟ್ಟೆಯಲ್ಲಿ ಒರೆಸಿಕೊಳ್ಳಿ.

4. ತೊಡೆಯ ಮುಂಭಾಗ ಇಲ್ಲವೆ ಹೊಟ್ಟೆ ಚುಚ್ಚಲು ಯೋಗ್ಯ ಸ್ಥಳ. ಹೊಟ್ಟೆಯಾದರೆ ಹೊಕ್ಕುಳಿನಿಂದ ಎರಡು ಅಂಗುಲ, ಅಂದರೆ 5 ಸೆಂಟಿಮೀಟರ್, ದೂರವಿರಲಿ. ಕಳೆದ ಬಾರಿ ಚುಚ್ಚಿದ ಜಾಗವನ್ನು ಬಿಡಿ. ಗಾಯ, ಕಲೆ, ಕೆಂಪು, ಗಡಸು ಇರುವಲ್ಲಿ ಬೇಡ.

5. ಸ್ಪಿರಿಟ್ ಹತ್ತಿಯಿಂದ ಒರೆಸಿ, ತಾನಾಗಿ ಒಣಗಲು ಬಿಡಿ. ಬಾಯಿಯಿಂದ ಊದಬೇಡಿ.

6. ಸೂಜಿಯ ಮುಚ್ಚಳವನ್ನು ಚುಚ್ಚುವ ಹೊತ್ತಿಗಷ್ಟೇ ತೆಗೆಯಿರಿ. ಸೂಜಿ ಯಾವುದಕ್ಕಾದರೂ ತಾಗಿದರೆ ಅದನ್ನು ಬಳಸಬೇಡಿ.

7. ಸಿರಿಂಜಾದರೆ ಚರ್ಮವನ್ನು ಮೆಲ್ಲನೆ ಚಿವುಟಿ ಹಿಡಿದು, ಕಲಿಸಿಕೊಟ್ಟ ಕೋನದಲ್ಲಿ, 45 ಇಲ್ಲವೆ 90 ಡಿಗ್ರಿಗೆ ಚುಚ್ಚಿ, ನಿಧಾನವಾಗಿ ತಳ್ಳಿ. ಪೆನ್ನಾದರೆ ಚರ್ಮಕ್ಕೆ ನೇರವಾಗಿ ಒತ್ತಿ ಹಿಡಿದು, ಕಿಟಕಿಯಲ್ಲಿ ಬಣ್ಣ ಬದಲಾಗುವವರೆಗೆ ಅಲುಗಿಸಬೇಡಿ. ಹತ್ತರಿಂದ ಹದಿನೈದರವರೆಗೆ ಎಣಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

8. ಸೂಜಿಯನ್ನು ನೇರವಾಗಿ ಹೊರತೆಗೆದು ಹತ್ತಿಯಿಂದ ಒತ್ತಿ ಹಿಡಿಯಿರಿ. ಉಜ್ಜಬೇಡಿ.

9. ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಕೂಡಲೇ ಸೂಜಿಯ ಡಬ್ಬಿಗೆ ಹಾಕಿ. ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಚುಚ್ಚಿದಲ್ಲಿ ಒಂದೆರಡು ದಿನ ಕೆಂಪು, ತುರಿಕೆ ಕಾಣುವುದುಂಟು. ತಣ್ಣೀರಿನ ಬಟ್ಟೆ ಸಾಕು. ಕೆಂಪು ಹರಡುತ್ತ ಹೋದರೆ, ಕೀವಾದರೆ ವೈದ್ಯರಿಗೆ ತೋರಿಸಬೇಕು. ಮುಖ, ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲೆ ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಚುಚ್ಚಬಾರದ ದಿನ

ದಿನ ತಪ್ಪಿಸಬಾರದೆಂದು ಇಷ್ಟು ಹೊತ್ತು ಹೇಳಿದ ನಾವು, ಈಗ ನಿಲ್ಲಿಸಬೇಕಾದ ದಿನವನ್ನೂ ಹೇಳಬೇಕು. ಈ ಔಷಧಿಗಳು ರೋಗನಿರೋಧಕ ಶಕ್ತಿಯ ಅತಿರೇಕವನ್ನು ತಗ್ಗಿಸುತ್ತವೆ. ಅದರೊಂದಿಗೆ ಸೋಂಕನ್ನು ಎದುರಿಸುವ ಬಲವೂ ಕುಗ್ಗುತ್ತದೆ. ಜ್ವರ, ಕಫ, ಉರಿಮೂತ್ರ, ಕೀವಾದ ಗಾಯ, ಬಾಯಿಹುಣ್ಣು, ಹೊಸದಾಗಿ ಉಸಿರಾಟದ ತೊಂದರೆ ಅಥವಾ ಒಣಕೆಮ್ಮು ಇವುಗಳಲ್ಲಿ ಯಾವುದಿದ್ದರೂ ಅಂದಿನ ಚುಚ್ಚುಮದ್ದನ್ನು ತಡೆಹಿಡಿದು ವೈದ್ಯರನ್ನು ಕೇಳಬೇಕು. ಒಂದು ವಾರ ತಡವಾದರೆ ಕೀಲು ಸ್ವಲ್ಪ ನೋಯಬಹುದು. ಸೋಂಕಿನ ನಡುವೆ ಚುಚ್ಚಿಕೊಂಡರೆ ಆ ಸೋಂಕೇ ಉಲ್ಬಣಿಸಬಹುದು.

ಕ್ಷಯದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಶರೀರದಲ್ಲಿ ಮಲಗಿರುವ ಕ್ಷಯದ ಸೋಂಕನ್ನು ಜೈವಿಕ ಔಷಧಿಗಳು ಎಬ್ಬಿಸಬಲ್ಲವು. ಆದ್ದರಿಂದ ಅವನ್ನು ಆರಂಭಿಸುವ ಮೊದಲೇ ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಆಗಿರಬೇಕು. ಚಿಕಿತ್ಸೆಯ ನಡುವೆ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆಯನ್ನು ಮೊದಲಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಬಳಿಕ ಎರಡು ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ನೋವಿಲ್ಲ, ಚೆನ್ನಾಗಿದ್ದೇವೆ ಎಂಬ ಕಾರಣಕ್ಕೆ ಇದನ್ನು ಬಿಡಬಾರದು; ಯಕೃತ್ತಿನ ತೊಂದರೆ ಆರಂಭದಲ್ಲಿ ನೋವನ್ನು ತೋರುವುದಿಲ್ಲ. ಮದ್ಯಪಾನ ಕೂಡದು. ಬೇರೆ ಯಾವ ವೈದ್ಯರ ಬಳಿ ಹೋದರೂ ಈ ಔಷಧಿಯ ಹೆಸರು ಹೇಳಬೇಕು. ಉರಿಮೂತ್ರಕ್ಕೆಂದು ಕೊಡುವ ಕೋಟ್ರೈಮಾಕ್ಸಜೋಲ್ ಮಾತ್ರೆ ಮೆಥೊಟ್ರೆಕ್ಸೇಟಿನೊಂದಿಗೆ ಸೇರಿದರೆ ರಕ್ತಕಣಗಳು ಅಪಾಯಕರವಾಗಿ ಕುಸಿಯುತ್ತವೆ.

ಚುಚ್ಚುವವರು ಯಾರು?

ಬಾತ ಬೆರಳುಗಳಿಂದ ಸಿರಿಂಜನ್ನು ಹಿಡಿಯುವುದು, ಬಿಗಿಯಾದ ಮುಚ್ಚಳ ಎಳೆಯುವುದು ಅನೇಕರಿಗೆ ಆಗದು. ಅಂತಹವರಿಗೆ ಪೆನ್ನು ಅನುಕೂಲ. ಇಲ್ಲವಾದರೆ ಮನೆಯವರು ನೆರವಾಗಬೇಕು. ನಮ್ಮ ಮನೆಗಳಲ್ಲಿ ಅತ್ತೆಗೆ ಚುಚ್ಚುವ ಹೊಣೆ ಹಲವೊಮ್ಮೆ ಸೊಸೆಯ ಪಾಲಿಗೆ ಬರುತ್ತದೆ. ಇಲ್ಲಿಯೇ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೆಥೊಟ್ರೆಕ್ಸೇಟ್ ಗರ್ಭಪಾತಕ್ಕೆ, ಶಿಶುವಿನ ಅಂಗವೈಕಲ್ಯಕ್ಕೆ ಕಾರಣವಾಗಬಲ್ಲದು. ಗರ್ಭಿಣಿಯಾದ ಸೊಸೆ ಅಥವಾ ಮಗಳು ಈ ಸಿರಿಂಜನ್ನು ಮುಟ್ಟಬಾರದು. ಸುದ್ದಿಯನ್ನು ಇನ್ನೂ ಯಾರಿಗೂ ಹೇಳದ ಮೊದಲ ತಿಂಗಳುಗಳಲ್ಲಿಯೇ ಮಗುವಿಗೆ ಅಪಾಯ ಹೆಚ್ಚು. ಆದ್ದರಿಂದ ಮಗುವಿನ ನಿರೀಕ್ಷೆಯಲ್ಲಿರುವ ಮನೆಯಲ್ಲಿ ಈ ಕೆಲಸವನ್ನು ಮಗನೋ ಮಾವನವರೋ ಕಲಿಯುವುದು ಲೇಸು. ಚುಚ್ಚುವವರು ಕೈಗವಸು ಧರಿಸಬೇಕು. ಔಷಧಿ ಚರ್ಮಕ್ಕೆ ತಾಗಿದರೆ ಸೋಪಿನಿಂದ ಚೆನ್ನಾಗಿ ತೊಳೆಯಬೇಕು. ಸ್ವತಃ ರೋಗಿಯೇ ಮಗುವನ್ನು ಬಯಸುವ ವಯಸ್ಸಿನವರಾದರೆ, ಹೆಣ್ಣಾಗಲಿ ಗಂಡಾಗಲಿ, ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಔಷಧಿಯನ್ನು ತಿಂಗಳುಗಳ ಮುಂಚೆಯೇ ನಿಲ್ಲಿಸಿ ಬೇರೆಯದನ್ನು ಕೊಡಲು ಮಾರ್ಗಗಳಿವೆ.

ಬಳಸಿದ ಸೂಜಿ

ಹಳ್ಳಿಯಲ್ಲಿ ಮನೆಯ ಕಸ ಸೇರುವುದು ತಿಪ್ಪೆಗೆ. ತಿಪ್ಪೆಯ ಗೊಬ್ಬರ ಸೇರುವುದು ಹೊಲಕ್ಕೆ, ಅಡಿಕೆ ತೋಟಕ್ಕೆ. ಇಂದು ಎಸೆದ ಸೂಜಿ ಮುಂದಿನ ಮಳೆಗಾಲದಲ್ಲಿ ಗೊಬ್ಬರ ತುಂಬುವವರ ಅಂಗೈಗೆ, ಬರಿಗಾಲಿನಲ್ಲಿ ಆಡುವ ಮಗುವಿಗೆ, ಮೇಯುವ ದನದ ಬಾಯಿಗೆ ಚುಚ್ಚುತ್ತದೆ. ಪಟ್ಟಣದಲ್ಲಾದರೆ ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜುಗಳನ್ನು ಅಪಾಯಕಾರಿ ಗೃಹತ್ಯಾಜ್ಯವೆಂದು ಎಣಿಸಿ, ಬೇರೆ ಕಸದಿಂದ ಪ್ರತ್ಯೇಕವಾಗಿ ಇಡಬೇಕೆಂದು ವಿಧಿಸಿದವು.

ಇದಕ್ಕೆ ಖರ್ಚೇನೂ ಇಲ್ಲ. ತಿರುಪು ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬಿ ಸಾಕು. ಅದರ ಮೇಲೆ ‘ಸೂಜಿ – ಮುಟ್ಟಬೇಡಿ’ ಎಂದು ದೊಡ್ಡದಾಗಿ ಬರೆದು ಎತ್ತರದಲ್ಲಿ ಇಡಿ. ಮುಕ್ಕಾಲು ತುಂಬಿದಾಗ ಮುಚ್ಚಿ, ಟೇಪು ಸುತ್ತಿ, ಔಷಧಿ ತರಲು ಹೋಗುವಾಗ ಆಸ್ಪತ್ರೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಕೊಡಿ. ಸ್ವೀಕರಿಸುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಒಲೆಗೆ, ಬಚ್ಚಲಿಗೆ, ಬಾವಿಗೆ ಹಾಕಬೇಡಿ. ಒಬ್ಬರ ಸೂಜಿ ಇನ್ನೊಬ್ಬರಿಗೆ ಚುಚ್ಚಿಕೊಂಡರೆ ಹಿಂಡದೆ, ಸೋಪು ನೀರಿನಿಂದ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಮನೆಮಂದಿ ಕೂಡಿ ಉತ್ತರಿಸಬೇಕಾದ ಪ್ರಶ್ನೆಗಳು

ಚುಚ್ಚುಮದ್ದು ಆರಂಭಿಸುವ ಮನೆಯವರೆಲ್ಲ ಒಂದು ಸಂಜೆ ಕುಳಿತು ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಬೇಕೆಂದು ಕೋರುತ್ತೇವೆ.

1. ನಮ್ಮ ಮನೆಯ ಚುಚ್ಚುಮದ್ದಿನ ದಿನ ಯಾವುದು? ಫೋಲಿಕ್ ಆಮ್ಲದ ದಿನ ಯಾವುದು?

2. ನಮ್ಮ ಪ್ರಮಾಣ ಎಷ್ಟು ಮಿಲಿಗ್ರಾಂ? ಸೀಸೆಯಾದರೆ ಯಾವ ಸಿರಿಂಜು, ಯಾವ ಗೀಟು?

3. ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು?

4. ಚುಚ್ಚುವವರು ಊರಿನಲ್ಲಿ ಇಲ್ಲದ ದಿನ ಇನ್ನಾರು ಚುಚ್ಚುತ್ತಾರೆ? ಅವರು ಕಲಿತಿದ್ದಾರೆಯೇ?

5. ಸೂಜಿಯ ಡಬ್ಬಿ ಎಲ್ಲಿದೆ? ತುಂಬಿದ ಮೇಲೆ ಎಲ್ಲಿಗೆ ಒಯ್ಯಬೇಕು?

ಐದಕ್ಕೂ ಉತ್ತರ ದೊರೆತ ಮನೆಯಲ್ಲಿ ಸೂಜಿಯ ಭಯಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ. ಒಂದಕ್ಕೆ ಉತ್ತರ ತಿಳಿಯದಿದ್ದರೂ, ಮುಂದಿನ ಚುಚ್ಚುಮದ್ದಿಗೆ ಮೊದಲು ಅದನ್ನು ವೈದ್ಯರಲ್ಲಿ ಕೇಳಿ ಬರೆದುಕೊಳ್ಳಿ.